ಕೆಂಪು ಚಿಂದಿ ಕಟ್ಟಿದ ಕೋಲು

“ಗಿಡ ಸೊಂಪಾಗಿ ಬೆಳೆಯುತ್ತೆ, ಹಣ್ಣು ಮಾತ್ರ ಬಿಡಲ್ಲ.” ಹಿತ್ತಲಲ್ಲಿ ಬ್ಲ್ಯಾಕ್‌ಬೆರಿ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ನೀವೂ ಕೇಳಿರಬಹುದು. ಗೊಬ್ಬರ ಹಾಕಿದೆವು, ನೀರು ಹಾಕಿದೆವು, ಇದಕ್ಕೇನು ಬಂತು ದೊಡ್ಡ ರೋಗ ಎಂದು ಗಿಡವನ್ನೇ ಬೈಯುತ್ತಾರೆ. ನಮ್ಮ ಬೀದಿಯ ನೀಟಪ್ಪನೂ ಹೀಗೇ ಬೈಯುತ್ತಿದ್ದ. ಗಿಡಕ್ಕೆ ಬಾಯಿಲ್ಲ, ಇದ್ದಿದ್ದರೆ ತಿರುಗಿಸಿ ಕೊಡುತ್ತಿತ್ತು.

ನೀಟಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಅವನದು ಕ್ಷೌರದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮನೆಯ ಪಕ್ಕಕ್ಕೆ ಸಣ್ಣ ಹಿತ್ತಲು. ಅವನ ಅಂಗಡಿಯಲ್ಲಿ ಬಾಚಣಿಗೆಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿರಬೇಕು. ಮಡಿಸಿಟ್ಟ ಟವೆಲ್ಲುಗಳ ಅಂಚಿಗೆ ಅಂಚು ಕೂಡಬೇಕು. ಗಿರಾಕಿ ಕುರ್ಚಿಯಿಂದ ಏಳುವ ಮೊದಲೇ ನೆಲದ ಮೇಲಿನ ಕೂದಲು ಗುಡಿಸಿ ಆಗಿರಬೇಕು. ಕನ್ನಡಿಯ ಮೇಲೆ ಯಾರದಾದರೂ ಬೆರಳಿನ ಗುರುತು ಕಂಡರೆ ಅವನಿಗೆ ಅನ್ನ ಇಳಿಯುವುದಿಲ್ಲ. ಅಂಥವನ ಹಿತ್ತಲಲ್ಲಿ ಬ್ಲ್ಯಾಕ್‌ಬೆರಿ ಬಂದು ಕೂತರೆ ಏನಾಗಬೇಡ, ನೀವೇ ಹೇಳಿ.

ಗಿಡ ತಂದವರು ಅವನ ಹೆಂಡತಿಯ ತಾಯಿ. ಕಣ್ಣು ಮಂಜಾಗಿ, ಬೆಳಕು ಕತ್ತಲೆ ಇಷ್ಟೇ ತಿಳಿಯುವಂತಾದ ಮೇಲೆ ಅಜ್ಜಿ ಮಗಳ ಮನೆಗೆ ಬಂದರು. ಬರುವಾಗ ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಒಂದು ತೂತು ಬಕೆಟ್ಟು. ಬಕೆಟ್ಟಿನೊಳಗೆ ತಮ್ಮ ಹಳೇ ಮನೆಯ ಬ್ಲ್ಯಾಕ್‌ಬೆರಿಯ ಬೇರು, ಮಣ್ಣಿನ ಸಮೇತ. “ಇದು ಹಣ್ಣು ಬಿಟ್ಟಾಗ ಒಂದು ನನ್ನ ಬಾಯಿಗೆ ಹಾಕು, ಸಾಕು,” ಎಂದು ಮಗಳಿಗೆ ಹೇಳಿದ್ದರು. ಅಜ್ಜಿ ಯಾವತ್ತೂ ಏನನ್ನೂ ಕೇಳಿದವರಲ್ಲ. ಕೇಳಿದ್ದು ಇದೊಂದೇ.

ಬೇರು ಚೆನ್ನಾಗಿ ಹತ್ತಿಕೊಂಡಿತು. ಬುಡದಿಂದ ಉದ್ದುದ್ದ ಮುಳ್ಳಿನ ಕೋಲುಗಳು ಎದ್ದು, ಬಾಗಿ, ತುದಿ ಮಣ್ಣು ಮುಟ್ಟಿದಲ್ಲೆಲ್ಲ ಮತ್ತೆ ಬೇರು ಬಿಟ್ಟವು. ಒಂದು ಬುಡ ಇದ್ದದ್ದು ಒಂದು ಸಾಲೇ ಆಯಿತು. ಅಂಗಡಿಯ ಹಿಂದಿನ ಕಿಟಕಿ ಆ ಸಾಲಿನ ಕಡೆಗೇ ತೆರೆದುಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತ ಗಿರಾಕಿಗೆ ಎದುರಿನ ಕನ್ನಡಿಯಲ್ಲಿ ಮೊದಲು ತನ್ನ ಮುಖ, ಅದರ ಹಿಂದೆ ಆ ಕೆದರಿದ ಗಿಡ ಕಾಣುತ್ತಿತ್ತು. ನೀಟಪ್ಪನಿಗೆ ಇದು ತಡೆಯಲಿಲ್ಲ. ಪ್ರತಿ ವರ್ಷ ಚಳಿ ಶುರುವಾಗಿ ಎಲೆ ಉದುರುತ್ತಲೇ ಕತ್ತರಿ ಹಿಡಿದು ಹೋಗಿ ಒಂದೂ ಬಿಡದಂತೆ ನೆಲಮಟ್ಟಕ್ಕೆ ಕತ್ತರಿಸಿ ಬರುತ್ತಿದ್ದ. ಕೆಲಸ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ, ಗಿರಾಕಿಯ ಕತ್ತನ್ನು ನೋಡುವಂತೆ ನೋಡಿ ಸಮಾಧಾನ ಪಡುತ್ತಿದ್ದ.

ಮತ್ತೆ ಚಿಗುರು ಬರುತ್ತಿತ್ತು, ಮತ್ತೆ ಎಲೆ ತುಂಬುತ್ತಿತ್ತು. ಹಣ್ಣು ಮಾತ್ರ ಇಲ್ಲ. ಬೇಸಿಗೆ ಬಂದಾಗಲೆಲ್ಲ ಅಜ್ಜಿ ಕೇಳುವರು, “ಬಂತಾ ಮಗಳೇ?” ಮಗಳು, “ಇನ್ನೂ ಇಲ್ಲಮ್ಮ,” ಎನ್ನುವಳು. ಮೂರನೆಯ ಬೇಸಿಗೆಗೆ ಆ ಉತ್ತರ ಅವಳ ಬಾಯಿಂದ ಬರದಾಯಿತು.

ಆ ಬೇಸಿಗೆಯ ಒಂದು ಮಧ್ಯಾಹ್ನ ಅವಳು ಮಾರುಕಟ್ಟೆಗೆ ಹೋಗಿ ಒಂದು ಪೊಟ್ಟಣ ಬ್ಲ್ಯಾಕ್‌ಬೆರಿ ತಂದಳು. ತೊಳೆದು ಬಟ್ಟಲಿಗೆ ಹಾಕಿ ಅಮ್ಮನ ಮುಂದಿಟ್ಟಳು.

“ತಗೋಮ್ಮ, ನಿನ್ನ ಗಿಡದ್ದೇ. ಕೊನೆಗೂ ಬಿಡ್ತು ನೋಡು.”

ಅಜ್ಜಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. “ಚೆನ್ನಾಗಿದೆ ಮಗಳೇ,” ಎಂದರು. ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಇನ್ನೊಂದು ಕೊಡು ಎನ್ನಲಿಲ್ಲ.

ಮಗಳು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಅಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಒಳಗೆ ಬಂದರು. ಗಿರಾಕಿಗಳಿಗೆ ಹೊದಿಸುವ ಬಿಳೀ ಬಟ್ಟೆಗಳನ್ನು ಹೊಲಿದು ತಂದಿದ್ದರು. ಟೈಲರಮ್ಮನಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ, ಕೊರಳಿನ ಅಳತೆ ಟೇಪು ಇಳಿಸುವ ಅಭ್ಯಾಸವೂ ಇಲ್ಲ.

“ಏನು ತಂಗಿ, ಈರುಳ್ಳಿ ಹೆಚ್ಚಿಲ್ಲ, ಕಣ್ಣಲ್ಲಿ ನೀರು ಯಾಕೆ?”

“ಸುಳ್ಳು ಹೇಳಿದೆ ಅಕ್ಕ. ಅಮ್ಮನಿಗೇ. ಅಂಗಡಿ ಹಣ್ಣು ತಂದು ನಿನ್ನ ಗಿಡದ್ದು ಅಂದೆ. ಇನ್ನೆಷ್ಟು ಬೇಸಿಗೆ ಕಾಯ್ತಾಳೋ ಅವಳು, ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ.”

ನೀಟಪ್ಪ ಅಂಗಡಿಯ ಬಾಗಿಲಿನಿಂದಲೇ ಇದನ್ನು ಕೇಳಿಸಿಕೊಂಡ. ಅವನಿಗೂ ಮನಸ್ಸಿಗೆ ಕಷ್ಟವಾಯಿತು. ಆದರೆ ಕಷ್ಟವಾದಾಗ ರೇಗುವುದು ಅವನ ಸ್ವಭಾವ.

“ನಾನು ಮೊದಲಿಂದ ಹೇಳ್ತಾನೇ ಇದ್ದೀನಿ. ಅದು ಬರೀ ಎಲೆ ಬಿಡೋ ಜಾತಿ. ಈ ಸಲ ಚಳಿಗಾಲಕ್ಕೆ ಬೇರು ಸಮೇತ ಕಿತ್ತು ಹಾಕಿ, ಅಲ್ಲಿ ಟವೆಲ್ ಒಣಗಿಸೋಕೆ ಶೀಟ್ ಹಾಕಿಸ್ತೀನಿ. ಮುಗೀತು.”

“ಕೀಳೋದು ಎಲ್ಲಿಗೂ ಓಡಿಹೋಗಲ್ಲ ಅಣ್ಣ,” ಎಂದರು ಟೈಲರಮ್ಮ. “ಮೊದ್ಲು ಗಿಡ ತೋರ್ಸಿ.”

ಮೂವರೂ ಹಿತ್ತಲಿಗೆ ಹೋದರು. ಕೋಲುಗಳು ಎದೆಯೆತ್ತರ ಬೆಳೆದು ಒಂದರ ಮೇಲೊಂದು ಬಾಗಿದ್ದವು. ಟೈಲರಮ್ಮ ಮೊಣಕಾಲೂರಿ ಬುಡದಲ್ಲಿ ಇಣುಕಿ ನೋಡಿದರು. ಒಂದು ಕೋಲನ್ನು ಮುಳ್ಳು ತಾಗದಂತೆ ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು.

“ಎಲ್ಲಾ ಹಸಿರು ಕೋಲು. ಹೋದ ವರ್ಷದ್ದು ಎಲ್ಲಿ?”

“ಹೋದ ವರ್ಷದ್ದು ಹೋದ ವರ್ಷವೇ ಹೋಯ್ತು,” ಎಂದ ನೀಟಪ್ಪ, ಹೆಮ್ಮೆಯಿಂದ. “ಚಳಿ ಶುರುವಾದ ತಕ್ಷಣ ನೆಲಮಟ್ಟ. ಒಂದೇ ಒಂದು ಬಿಡಲ್ಲ. ನನ್ನ ಕೈ ಅಂದ್ರೆ ಹಾಗೆ.”

ಟೈಲರಮ್ಮ ಎದ್ದು ನಿಂತು ಕೈಯ ಮಣ್ಣು ಕೊಡವಿದರು.

“ಹಾಗಾದ್ರೆ ಮೂರು ವರ್ಷದಿಂದ ಹಣ್ಣನ್ನೇ ಕತ್ತರಿಸಿ ಬಿಸಾಡ್ತಾ ಇದ್ದೀರಿ ಅಣ್ಣ.”

“ಬಿಟ್ಟಿದ್ರೆ ತಾನೇ ಬಿಸಾಡೋದು? ಒಂದು ಹಣ್ಣಿನ ಮುಖ ನೋಡಿಲ್ಲ ನಾನು.”

“ನೋಡೋಕೆ ನೀವು ಬಿಟ್ಟರೆ ತಾನೇ? ಕೇಳಿ. ಈ ಗಿಡದ ಬೇರಿಗೆ ಆಯಸ್ಸು ಜಾಸ್ತಿ, ವರ್ಷಗಟ್ಟಲೆ ಇರುತ್ತೆ. ಕೋಲಿಗೆ ಮಾತ್ರ ಎರಡೇ ವರ್ಷ. ಮೊದಲನೇ ವರ್ಷ ಮಣ್ಣಿಂದ ಎದ್ದು ಉದ್ದ ಬೆಳೆಯುತ್ತೆ, ಎಲೆ ಬಿಡುತ್ತೆ, ಅಷ್ಟೇ. ಚಳಿಗಾಲದಲ್ಲಿ ಬೋಳಾಗಿ ಸುಮ್ನೆ ನಿಂತಿರುತ್ತೆ. ಎರಡನೇ ವರ್ಷ ಅದೇ ಕೋಲಲ್ಲಿ ಪಕ್ಕದಿಂದ ಸಣ್ಣ ಸಣ್ಣ ಕವಲು ಬಂದು, ಅದರಲ್ಲಿ ಹೂವು, ಆಮೇಲೆ ಹಣ್ಣು. ನೀವು ಮಗುನ ಒಂದನೇ ಕ್ಲಾಸಲ್ಲೇ ಶಾಲೆ ಬಿಡಿಸಿ, ಆಮೇಲೆ ಡಿಗ್ರಿ ತಗೊಳ್ಳಲಿಲ್ಲ ಅಂತ ಬೈತಾ ಇದ್ದೀರಿ.”

ಹೆಂಡತಿ ಗಂಡನ ಮುಖ ನೋಡಿದಳು. ನೀಟಪ್ಪ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ.

“ನೋಡಿ ಅಕ್ಕ, ಕತ್ತರಿಸಿದಷ್ಟೂ ಚೆನ್ನಾಗಿ ಬರುತ್ತೆ. ಇದು ನನ್ನ ಕಸುಬು. ನಂಗೆ ಹೇಳಿಕೊಡಬೇಡಿ.”

“ಬರುತ್ತೆ. ಬಂದಿದೆಯಲ್ಲ, ಹಿತ್ತಲು ತುಂಬ ಎಲೆ! ಕೂದಲಿಗೆ ಹಣ್ಣು ಬಿಡೋ ಕೆಲಸ ಇಲ್ಲ, ಅದಕ್ಕೆ ನಿಮ್ಮ ಮಾತು ನಡೆಯುತ್ತೆ. ಇದಕ್ಕೆ ಆ ಕೆಲಸ ಇದೆ.”

“ನಾನೂ ಕತ್ತರಿ ಹಿಡಿದು ಎಷ್ಟು ವರ್ಷ ಆಯ್ತು ಗೊತ್ತಾ?”

“ನನ್ನ ಕೈಲಿರೋದೂ ಕತ್ತರಿನೇ ಅಣ್ಣ, ಸೌಟಲ್ಲ. ನಿಮ್ಮದು ಹೆಚ್ಚುಕಮ್ಮಿ ಆದ್ರೆ ಸ್ವಲ್ಪ ದಿನಕ್ಕೆ ಬೆಳೆದು ಸರಿಹೋಗುತ್ತೆ. ನನ್ನದು ತಪ್ಪಿದ್ರೆ ಬಟ್ಟೆನೇ ಹೋಯ್ತು. ಅದಕ್ಕೇ ನಾನು ಮೊದ್ಲು ಗುರುತು ಹಾಕ್ತೀನಿ, ಆಮೇಲೆ ಕತ್ತರಿ ಹಾಕ್ತೀನಿ.”

ಹೀಗೆಂದು ಟೈಲರಮ್ಮ ಜೇಬಿನಿಂದ ಒಂದು ಹಿಡಿ ಕೆಂಪು ಚಿಂದಿ ತೆಗೆದರು. ಹೊಲಿಗೆಯಲ್ಲಿ ಉಳಿದ ಚೂರುಗಳು ಅವರ ಜೇಬಿನಲ್ಲಿ ಸದಾ ಇರುತ್ತವೆ. ಗಟ್ಟಿಮುಟ್ಟಾದ ಒಂದು ಕೋಲಿಗೆ ಬುಡದ ಹತ್ತಿರ ಚಿಂದಿ ಸುತ್ತಿ, ಕೋಲು ದಪ್ಪವಾದರೆ ಬಿಗಿಯಾಗದಂತೆ ಸಡಿಲವಾಗಿ ಗಂಟು ಹಾಕಿದರು.

“ಏನು ನಡೀತಿದೆ ಅಲ್ಲಿ?” ಎಂದು ಅಜ್ಜಿ ಹಿತ್ತಲಿನ ಬಾಗಿಲಲ್ಲಿ ಬಂದು ನಿಂತು ಕೇಳಿದರು.

“ಈ ವರ್ಷ ಎದ್ದ ಕೋಲಿಗೆ ಚಿಂದಿ ಕಟ್ತಾ ಇದ್ದೀನಿ ಅಜ್ಜಿ. ಮುಂದಿನ ಬೇಸಿಗೆಗೆ ಇನ್ನೊಂದಷ್ಟು ಹೊಸ ಕೋಲು ಬಂದು ಇದರ ಜೊತೆ ಸೇರ್ಕೊಳ್ಳುತ್ತೆ. ಆಗ ಯಾವುದು ಹಳೇದು, ಯಾವುದು ಹೊಸದು ಗೊತ್ತಾಗ್ಬೇಕಲ್ಲ. ಚಿಂದಿ ಇರೋದು ಹಣ್ಣು ಕೊಡೋದು. ಕೊಟ್ಟ ಮೇಲೆ ಅದನ್ನ ಮಾತ್ರ ತೆಗೀಬೇಕು.”

ಅಜ್ಜಿ ಕೈ ಚಾಚಿದರು. ಟೈಲರಮ್ಮ ಒಂದು ಚಿಂದಿಯನ್ನು ಅವರ ಕೈಗಿಟ್ಟರು. ಅಜ್ಜಿ ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು.

“ನಮ್ಮ ಯಜಮಾನ್ರೂ ಕಟ್ತಿದ್ರು. ಹಳೇ ಅಂಗಿ ಹರಿದು. ಒಂದು ವರ್ಷ ಒಂದು ಬಣ್ಣ, ಇನ್ನೊಂದು ವರ್ಷ ಇನ್ನೊಂದು. ನಾನು ಹಕ್ಕಿ ಹೆದರಿಸೋಕೆ ಅಂದ್ಕೊಂಡಿದ್ದೆ.”

“ನೀನು ಅಪ್ಪನ್ನ ಕೇಳ್ಲೇ ಇಲ್ವೇನಮ್ಮ?” ಎಂದಳು ಮಗಳು.

“ಕತ್ತರಿ ಅವರ ಕೈಲಿತ್ತು, ಬುಟ್ಟಿ ನನ್ನ ಕೈಲಿತ್ತು. ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ವರ್ಷಾ ವರ್ಷಾ ಹಣ್ಣು ಬರ್ತಿತ್ತು, ಜಾಮ್ ಆಗ್ತಿತ್ತು. ಅವರು ಹೋದ ಮೇಲೆ ಅವರ ಜೊತೆಗೇ ಆ ಕೆಲಸವೂ ಹೋಯ್ತು.” ಅಜ್ಜಿ ಚಿಂದಿಯನ್ನು ಮಡಿಸಿ ಮುಷ್ಟಿಯಲ್ಲಿ ಇಟ್ಟುಕೊಂಡರು. ಒಳಗೆ ತಿರುಗುವಾಗ ಮೆತ್ತಗೆ ಹೇಳಿದರು, “ಇನ್ನು ಮೇಲೆ ಅಂಗಡಿ ಹಣ್ಣು ತರಬೇಡ ಮಗಳೇ. ಬರೀ ನೀರು ಕಣೇ ಅದು.”

ಮಗಳು ನಿಂತಲ್ಲೇ ನಿಂತಳು. ಅಮ್ಮನಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಚೆನ್ನಾಗಿದೆ ಎಂದಿದ್ದರು. ನೀಟಪ್ಪ ತಲೆ ತಗ್ಗಿಸಿ ಕಾಲಿನಿಂದ ಒಂದು ಒಣ ಎಲೆಯನ್ನು ಪಕ್ಕಕ್ಕೆ ತಳ್ಳಿದ. ಆದರೂ ಹಟ ಪೂರ್ತಿ ಬಿಡಲಿಲ್ಲ.

“ಆಯ್ತು ಅಕ್ಕ, ಅರ್ಧ ಸಾಲು ನಿಮ್ಮದು, ಅರ್ಧ ನನ್ನದು. ನಿಮ್ಮ ಅರ್ಧಕ್ಕೆ ನಾನು ಕತ್ತರಿ ಮುಟ್ಟಿಸಲ್ಲ. ನನ್ನ ಅರ್ಧಕ್ಕೆ ನೀವು ಬಾಯಿ ಹಾಕ್ಬೇಡಿ. ಮುಂದಿನ ಬೇಸಿಗೆ ನೋಡೋಣ. ಹಣ್ಣು ಬರಲಿಲ್ಲ ಅಂದ್ರೆ ಎರಡೂ ಅರ್ಧ ಕಿತ್ತು ಶೀಟ್ ಹಾಕಿಸ್ತೀನಿ, ಆಮೇಲೆ ಯಾರೂ ಅಳಬಾರದು.”

“ಒಪ್ಪಿದೆ,” ಎಂದರು ಟೈಲರಮ್ಮ.

ಅವತ್ತೇ ಕೆಲಸ ಶುರುವಾಯಿತು. ದಪ್ಪ ಕೈಗವಸು, ಪೂರ್ತಿ ತೋಳಿನ ಹಳೇ ಕೋಟು. ನೀಟಪ್ಪ ಅಭ್ಯಾಸಬಲದಿಂದ ತಲೆಗೂದಲಿನ ಕತ್ತರಿಯನ್ನೇ ತಂದಿದ್ದ. ಟೈಲರಮ್ಮ ಅದನ್ನು ವಾಪಸು ಕಳಿಸಿ ಗಿಡ ಸವರುವ ಕತ್ತರಿ ತರಿಸಿದರು. ಅವನು ಅದರ ಅಲಗನ್ನು ಅಂಗಡಿಯಲ್ಲಿ ಮಾಡುವಂತೆ ಸ್ಪಿರಿಟ್ಟಿನಿಂದ ಒರೆಸಿಕೊಂಡೇ ಬಂದ. “ಇದು ನಿಮ್ಮಿಂದ ಎಲ್ಲರೂ ಕಲೀಬೇಕಾದ್ದು ಅಣ್ಣ,” ಎಂದರು ಟೈಲರಮ್ಮ. “ಒಂದು ಗಿಡದ ರೋಗ ಇನ್ನೊಂದಕ್ಕೆ ಹೋಗೋದೇ ಗಲೀಜು ಕತ್ತರಿಯಿಂದ.” ಬೆಳಗಿನಿಂದ ಅವನಿಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಮುಖ ಸ್ವಲ್ಪ ಸಡಿಲವಾಯಿತು.

ತಮ್ಮ ಅರ್ಧದಲ್ಲಿ ಟೈಲರಮ್ಮ ಪ್ರತಿ ಬುಡಕ್ಕೆ ಗಟ್ಟಿಯಾದ ಐದಾರು ಕೋಲು ಉಳಿಸಿಕೊಂಡರು. ಸಣಕಲು ಕೋಲುಗಳನ್ನೂ ಸಾಲು ಬಿಟ್ಟು ಆಚೆ ಎದ್ದವುಗಳನ್ನೂ ಬುಡದಲ್ಲೇ ತೆಗೆದರು. “ಎಲ್ಲವನ್ನೂ ಬಿಟ್ಟರೆ ಎಲ್ಲವೂ ಬಡಕಲಾಗುತ್ತೆ. ಗಾಳಿ ಆಡಲ್ಲ, ಬಿಸಿಲು ಬೀಳಲ್ಲ, ಬೂಷ್ಟು ಹಿಡಿಯುತ್ತೆ,” ಎಂದರು. ನೀಟಪ್ಪನ ಹೆಂಡತಿ ಎರಡು ಗೂಟದ ನಡುವೆ ತಂತಿ ಎಳೆದು, ಉಳಿದ ಕೋಲುಗಳನ್ನು ಅದಕ್ಕೆ ಹರಡಿ ಕಟ್ಟಿದಳು. ತುದಿಗಳು ಮಣ್ಣು ಮುಟ್ಟದಂತೆ ಎತ್ತಿದಳು. ಒಂದೊಂದು ಕೋಲಿನ ಬುಡದಲ್ಲೂ ಕೆಂಪು ಚಿಂದಿ ಕಟ್ಟಿದಳು.

ಬೇಸಿಗೆ ಮುಗಿದು ಚಳಿ ಬಂತು. ನೀಟಪ್ಪ ತನ್ನ ಅರ್ಧವನ್ನು ಎಂದಿನಂತೆ ನೆಲಮಟ್ಟಕ್ಕೆ ಹೊಡೆದ. ಉಳಿದರ್ಧದಲ್ಲಿ ಎಲೆ ಉದುರಿದ ಕೋಲುಗಳು ತಂತಿಯ ಮೇಲೆ ಕಂದು ಬಣ್ಣಕ್ಕೆ ತಿರುಗಿ ನಿಂತವು. ಕನ್ನಡಿಯಲ್ಲಿ ಈಗ ಅರ್ಧ ಬೋಳು, ಅರ್ಧ ಪೊದೆ.

ಗಿರಾಕಿಗಳಿಗೆ ಇಷ್ಟು ಸಾಕಾಯಿತು. “ಏನಣ್ಣ, ಒಂದು ಕಡೆ ಕಟಿಂಗ್ ಮಾಡಿ ಇನ್ನೊಂದು ಕಡೆ ಮರೆತುಬಿಟ್ರಾ?” ಎಂದ ಒಬ್ಬ. “ನಂಗೂ ಹಂಗೇ ಮಾಡ್ಬೇಡಿ ಮಾರಾಯ್ರೇ, ನಾಳೆ ಮದುವೆಗೆ ಹೋಗ್ಬೇಕು,” ಎಂದ ಇನ್ನೊಬ್ಬ. ಅಂಗಡಿಯಲ್ಲಿ ಎಲ್ಲರೂ ನಕ್ಕರು. ನೀಟಪ್ಪನೂ ನಕ್ಕಂತೆ ಮಾಡಿದ. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಕನ್ನಡಿಯಲ್ಲಿ ಆ ಕೋಲುಗಳ ಮೇಲೇ ಇತ್ತು. ಜೀವವಿಲ್ಲದ ಒಣ ಕಡ್ಡಿಗಳಂತೆ ಕಾಣುತ್ತಿದ್ದವು.

ಆ ದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅವನು ಕತ್ತರಿ ಹಿಡಿದು ಹಿತ್ತಲಿಗೆ ನಡೆದ. ಸತ್ತ ಕೋಲಿಗೆ ಹಣ್ಣೆಲ್ಲಿಂದ ಬರುತ್ತೆ, ತೆಗೆದುಬಿಟ್ಟರೆ ಯಾರಿಗೇನು ನಷ್ಟ ಎಂದುಕೊಂಡ. ಬಗ್ಗಿ ಒಂದು ಕೋಲಿನ ಬುಡಕ್ಕೆ ಅಲಗು ಇಟ್ಟ.

“ಅಳಿಯಂದಿರೇ, ನೀವೇನಾ?” ಅಜ್ಜಿ ಕಿಟಕಿಯ ಒಳಗೆ ಬಿಸಿಲು ಬೀಳುವ ಜಾಗದಲ್ಲಿ ಕೂತಿದ್ದರು. ಹೆಜ್ಜೆ ಸದ್ದಿನಿಂದಲೇ ಗುರುತು ಹಿಡಿದಿದ್ದರು. “ಚಿಂದಿ ಎಲ್ಲಾ ಇದೆಯಾ ನೋಡಿ. ಗಾಳಿಗೆ ಬಿಚ್ಚಿಹೋಗಿದ್ರೆ ಹೇಳಿ, ನನ್ನ ಹತ್ರ ಒಂದು ಇದೆ. ಜೋಪಾನವಾಗಿ ಇಟ್ಟಿದ್ದೀನಿ.”

ನೀಟಪ್ಪ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. ಕಣ್ಣು ಕಾಣದ ಅತ್ತೆಯಿಂದ ಯಾಕೆ ಬಚ್ಚಿಡಬೇಕು ಎಂದು ಅವನಿಗೇ ಹೊಳೆಯಲಿಲ್ಲ.

“ಎಲ್ಲಾ ಇದೆ ಅತ್ತೆ. ಒಂದೂ ಬಿಚ್ಚಿಲ್ಲ.”

“ನೀವು ನೋಡ್ಕೊಳ್ತೀರಿ ಅಂತ ನಂಗೆ ಗೊತ್ತು. ನೀವು ಯಾವುದನ್ನೂ ಅಡ್ಡಾದಿಡ್ಡಿ ಮಾಡೋರಲ್ಲ.”

ಅವನು ಅಲ್ಲೇ ಕುಳಿತ. ಉಗುರಿನಿಂದ ಒಂದು ಕೋಲಿನ ಸಿಪ್ಪೆಯನ್ನು ಎಳ್ಳಷ್ಟು ಕೆರೆದು ನೋಡಿದ. ಕಂದು ಸಿಪ್ಪೆಯ ಕೆಳಗೆ ಹಸಿರು ಇತ್ತು. ಕೋಲು ಸತ್ತಿರಲಿಲ್ಲ. ಮೂರು ಚಳಿಗಾಲ ತಾನು ಒಣಕಡ್ಡಿ ಎಂದು ಕತ್ತರಿಸಿ ಒಲೆಗೆ ಹಾಕಿದ್ದು ಇದನ್ನೇ ಎಂದು ಆಗ ಅವನಿಗೆ ಅರ್ಥವಾಯಿತು.

ಚಳಿ ಇಳಿಯುತ್ತ ಬಂದಾಗ, ಮೊಗ್ಗು ಇನ್ನೂ ಒಡೆಯುವ ಮೊದಲು, ಟೈಲರಮ್ಮ ಮತ್ತೆ ಬಂದರು. “ಕೈ ಕಡೀತಿದೆಯಾ ಅಣ್ಣ? ಈಗ ನಿಮಗೊಂದು ಕೆಲಸ ಇದೆ. ಕೋಲಿಂದ ಪಕ್ಕಕ್ಕೆ ಬಂದಿರೋ ಉದ್ದ ಕವಲುಗಳನ್ನ ಮೊಳಕ್ಕಿಂತ ಸ್ವಲ್ಪ ಕಮ್ಮಿ ಬಿಟ್ಟು ತುದಿ ಕತ್ತರಿಸಿ. ಕೋಲು ಮಾತ್ರ ಮುಟ್ಟಬೇಡಿ.”

“ಅಂದ್ರೆ ಬರೀ ಟ್ರಿಮ್ಮು.”

“ಬರೀ ಟ್ರಿಮ್ಮು. ಕವಲು ಗಿಡ್ಡ ಇದ್ರೆ ಹಣ್ಣು ದಪ್ಪ ಆಗುತ್ತೆ.”

ನೀಟಪ್ಪ ಆ ಕೆಲಸವನ್ನು ಎಷ್ಟು ಮನಸ್ಸಿಟ್ಟು ಮಾಡಿದನೆಂದರೆ, ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕಾದು ಕಾದು ಎದ್ದು ಹೋದರು.

ಮುಂದಿನ ಬೇಸಿಗೆಗೆ ಸಾಲಿನ ಎರಡು ಅರ್ಧಗಳೂ ತಮ್ಮ ತೀರ್ಪನ್ನು ತಾವೇ ಹೇಳಿದವು. ನೀಟಪ್ಪನ ಅರ್ಧದಲ್ಲಿ ಹಸಿರು ಕೋಲು, ಹಸಿರು ಎಲೆ, ಅಷ್ಟೇ. ಟೈಲರಮ್ಮನ ಅರ್ಧದಲ್ಲಿ ಚಿಂದಿ ಕಟ್ಟಿದ ಕೋಲುಗಳ ತುಂಬ ಬಿಳೀ ಹೂವು, ಆಮೇಲೆ ಹಸಿರು ಕಾಯಿ, ಕೆಂಪು ಕಾಯಿ. ಕೆಂಪಾದದ್ದನ್ನು ಕೀಳಲು ಹೆಂಡತಿಯ ಕೈ ತುಡಿಯುತ್ತಿತ್ತು. ಪೂರ್ತಿ ಕಪ್ಪಾಗಿ, ಮುಟ್ಟಿದರೆ ತಾನೇ ಕೈಗೆ ಬರುವವರೆಗೂ ಕಾದಳು.

ಮೊದಲ ಹಣ್ಣನ್ನು ಬಿಡಿಸಿದವನು ನೀಟಪ್ಪ. ಅಂಗೈಯಲ್ಲಿಟ್ಟುಕೊಂಡು, ಮೈಗೆ ಬಿಳೀ ಏಪ್ರನ್ ಇದ್ದಂತೆಯೇ ಒಳಗೆ ಬಂದು, ಅತ್ತೆಯ ಕೈಗೆ ಇಟ್ಟ. ಯಾವ ಗಿಡದ್ದು ಎಂದು ಹೇಳಲಿಲ್ಲ. ಹೆಂಡತಿ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು.

ಅಜ್ಜಿ ಹಣ್ಣನ್ನು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಚೆನ್ನಾಗಿದೆ ಎನ್ನಲಿಲ್ಲ. ಕೈಯನ್ನು ಮತ್ತೆ ಮುಂದಕ್ಕೆ ಚಾಚಿ, ಅಂಗೈ ಬಿಚ್ಚಿ, “ಇನ್ನೊಂದು,” ಎಂದರು.

ಮಗಳು ಅತ್ತುಬಿಟ್ಟಳು. ನೀಟಪ್ಪ ಹಿತ್ತಲಿಗೆ ಓಡಿದ. ಏಪ್ರನ್ನಿನ ಮೇಲೆ ನೇರಳೆ ಕಲೆ ಆದದ್ದನ್ನು ಅವನು ಸಂಜೆಯವರೆಗೂ ಗಮನಿಸಲಿಲ್ಲ ಎಂದರೆ ನಮ್ಮ ಬೀದಿಯವರು ಇವತ್ತಿಗೂ ನಂಬುವುದಿಲ್ಲ.

ಕಥೆ ಇಲ್ಲಿಗೇ ಮುಗಿಯಿತು ಎಂದು ನೀವು ಅಂದುಕೊಂಡರೆ, ಅರ್ಧ ಪಾಠವನ್ನಷ್ಟೇ ಕಲಿತಂತೆ. ಹಣ್ಣೆಲ್ಲ ಮುಗಿದ ಮೇಲೆ ಟೈಲರಮ್ಮ ಕತ್ತರಿ ತಂದಾಗ ಈ ಸಲ ಅಡ್ಡ ನಿಂತವಳು ನೀಟಪ್ಪನ ಹೆಂಡತಿ.

“ಬೇಡ ಅಕ್ಕ. ಒಂದು ಕೋಲೂ ಮುಟ್ಟಬೇಡಿ. ಇಷ್ಟು ಹಣ್ಣು ಕೊಟ್ಟಿದೆ. ತಿಂದು ಮುಗಿಸಿ ಕತ್ತರಿ ಹಾಕೋದಾ? ನಂಗೆ ಮನಸ್ಸು ಬರಲ್ಲ.”

“ಹಣ್ಣು ಕೊಟ್ಟ ಕೋಲು ಮತ್ತೆ ಕೊಡಲ್ಲ ತಂಗಿ. ತಾನಾಗೇ ಒಣಗುತ್ತೆ. ಹಾಗೇ ಬಿಟ್ಟರೆ ಹುಳ ಸೇರ್ಕೊಳ್ಳುತ್ತೆ, ರೋಗ ಬರುತ್ತೆ, ಕೆಳಗೆ ಎದ್ದಿರೋ ಹೊಸ ಕೋಲಿಗೆ ಬೆಳಕಿಲ್ಲ. ಎರಡು ವರ್ಷ ಹೀಗೆ ಬಿಟ್ಟರೆ ಮುಳ್ಳಿನ ಪೊದೆಯೊಳಗೆ ನೀವು ಕೈ ಹಾಕೋದಿರ್ಲಿ, ಬೆಕ್ಕು ಕೂಡ ನುಗ್ಗಲ್ಲ.”

“ಆದ್ರೂ ಅಕ್ಕ, ಕೊಟ್ಟು ಮುಗೀತು ಅಂತ ತೆಗೆದು ಹಾಕೋದು…”

ಮಾತು ಅಷ್ಟಕ್ಕೇ ನಿಂತಿತು. ಅವಳ ಕಣ್ಣು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಮ್ಮನ ಕಡೆ ಹೋಯಿತು. ಅಜ್ಜಿಗೆ ಕಣ್ಣು ಕಾಣದಿದ್ದರೂ ಆ ಮೌನ ಕೇಳಿಸಿತು. ಅವರು ಜೋರಾಗಿ ನಕ್ಕರು.

“ಏನೇ, ಕೋಲು ನೋಡಿ ನನ್ನ ನೆನಪಾಯ್ತಾ ನಿಂಗೆ? ನಾನು ಕೋಲಲ್ಲ ಕಣೇ, ಬುಡ. ಬುಡಕ್ಕೆ ಯಾರೂ ಕೈ ಹಾಕ್ತಿಲ್ಲ. ನೀನು ಸುಮ್ನೆ ದಾರಿ ಬಿಡು ಅವರಿಗೆ.”

ಮಗಳು ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಟೈಲರಮ್ಮನ ಕೈಯಿಂದ ಕತ್ತರಿಯನ್ನು ತಾನೇ ತೆಗೆದುಕೊಂಡಳು. ಚಿಂದಿ ಇದ್ದ ಮೊದಲ ಕೋಲನ್ನು ಮೋಟು ಉಳಿಯದಂತೆ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ತುಂಡು ಮಾಡಿ, ಎಳೆದು ಹಾಕಿದಳು. ಚಿಂದಿ ಇಲ್ಲದ ಹೊಸ ಕೋಲುಗಳು ಬೆಳಕಿಗೆ ಬಂದವು. ಅವಕ್ಕೆ ಈ ಸಲ ನೀಲಿ ಚಿಂದಿ. ಕಟ್ಟಿದವರು ಅಜ್ಜಿ. ಮಗಳು ಮುಳ್ಳು ತಾಗದಂತೆ ಕೋಲು ಹಿಡಿದಳು, ಅಜ್ಜಿ ತಡವಿ ತಡವಿ ಗಂಟು ಹಾಕಿದರು.

ನೀಟಪ್ಪ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ಸಾಲನ್ನು ನೋಡುತ್ತಿದ್ದ.

“ಅಕ್ಕ, ಒಂದು ಮಾತು. ಹೊಸದು ಹಳೇದು ಎರಡೂ ಒಂದರೊಳಗೊಂದು ಸಿಕ್ಕೊಂಡ್ರೆ ತಾನೇ ಕತ್ತರಿಸೋವಾಗ ತೊಂದರೆ? ಈಗ ಇರೋದನ್ನೆಲ್ಲ ತಂತಿ ಮೇಲೆ ಬಲಕ್ಕೆ ಬಾಚಿ ಕಟ್ಟೋಣ. ಮುಂದಿನ ವರ್ಷ ಏಳೋದನ್ನ ಎಡಕ್ಕೆ. ನಡುವೆ ಬೈತಲೆ. ಆಮೇಲೆ ಕಣ್ಣು ಮುಚ್ಕೊಂಡು ಹೇಳ್ಬಹುದು, ಈ ಕಡೆದು ತೆಗಿ, ಆ ಕಡೆದು ಬಿಡು ಅಂತ.”

ಟೈಲರಮ್ಮ ಅವನನ್ನೇ ನೋಡಿದರು. “ನಾನು ಈ ಗಿಡದ ಕೆಲಸ ಕಲಿತಿದ್ದು ತೋಟಗಾರಿಕೆ ಇಲಾಖೆಯವರ ತರಬೇತಿಯಲ್ಲಿ. ಅಲ್ಲಿ ಇದನ್ನೇ ಹೇಳಿದ್ರು ಅಣ್ಣ. ಚಿತ್ರ ಬರೆದು ತೋರಿಸಿದ್ರು. ನನ್ನ ತಲೆಗೆ ಹೋಗಿರ್ಲಿಲ್ಲ. ಬೈತಲೆ ಅಂದಿದ್ರೆ ಅವತ್ತೇ ಅರ್ಥ ಆಗ್ತಿತ್ತು.”

ಈಗ ನೀಟಪ್ಪನ ಕನ್ನಡಿಯಲ್ಲಿ ಬೈತಲೆ ತೆಗೆದ ಬ್ಲ್ಯಾಕ್‌ಬೆರಿ ಸಾಲು ಕಾಣುತ್ತದೆ. ಶೀಟಿನ ಮಾತು ನಿಂತಿದೆ. ಕ್ಷೌರಕ್ಕೆ ಬಂದವರಿಗೆ ಕೇಳದಿದ್ದರೂ ಗಿಡ ಸವರುವ ಪಾಠ ಸಿಗುತ್ತದೆ. ಕುತ್ತಿಗೆಯ ಹತ್ತಿರ ಕತ್ತಿ ಇರುವುದರಿಂದ ಎಲ್ಲರೂ ಪೂರ್ತಿ ಕೇಳುತ್ತಾರೆ.

ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಹಿತ್ತಲಿಗೂ ಒಮ್ಮೆ ಹೋಗಿ ನೋಡಿ. ಕತ್ತರಿ ಎತ್ತುವ ಮೊದಲು ಪ್ರತಿ ಕೋಲಿಗೂ ಒಂದೇ ಪ್ರಶ್ನೆ ಕೇಳಿ: ಇದು ಹಣ್ಣು ಕೊಟ್ಟಾಯಿತೋ, ಇನ್ನೂ ಕೊಡಬೇಕೋ? ಕೊಟ್ಟಾಗಿದ್ದರೆ ಕೊಯ್ಲು ಮುಗಿದೊಡನೆ ಬುಡಕ್ಕೆ ಕತ್ತರಿಸಿ, ಹಿತ್ತಲಿನಿಂದ ಆಚೆ ಹಾಕಿ. ಇನ್ನೂ ಕೊಡಬೇಕಾದದ್ದಾದರೆ, ಚಳಿಯಲ್ಲಿ ಎಷ್ಟೇ 'ಸತ್ತಂತೆ' ಕಂಡರೂ, ದಯವಿಟ್ಟು ಬಿಡಿ. ಹೊಸ ಕೋಲುಗಳಲ್ಲಿ ಗಟ್ಟಿಯಾದ ಕೆಲವನ್ನು ಉಳಿಸಿ ಸಣಕಲನ್ನು ತೆಗೆಯಿರಿ. ನಿಮ್ಮ ಗಿಡ ಬಾಗಿ ಹರಿಯುವ ಜಾತಿಯಾದರೆ ತಂತಿಗೆ ಕಟ್ಟಿ. ನೆಟ್ಟಗೆ ನಿಲ್ಲುವ ಜಾತಿಯಾದರೆ, ಹೊಸ ಕೋಲು ಎದೆಯೆತ್ತರ ಬಂದಾಗ ತುದಿ ಚಿವುಟಿ, ಪಕ್ಕದ ಕವಲು ಹೆಚ್ಚುತ್ತದೆ. ಮೊದಲ ವರ್ಷವೇ ಹಣ್ಣು ಬಿಡುವ ಜಾತಿಗಳೂ ಇವೆ, ಅವುಗಳನ್ನು ಸವರುವ ಕ್ರಮ ಬೇರೆ. ಹಾಗಾಗಿ ಗಿಡ ತರುವಾಗಲೇ ಯಾವ ಜಾತಿ ಎಂದು ನರ್ಸರಿಯವರನ್ನು ಕೇಳಿಕೊಳ್ಳಿ.

ಇನ್ನೊಂದು ಕೋರಿಕೆ ಇದೆ, ಇದು ಗಿಡದ ಬಗ್ಗೆ ಅಲ್ಲ. ನಿಮ್ಮ ಮನೆಯಲ್ಲಿ ಕತ್ತರಿ ಹಿಡಿಯುವವರು ಯಾರೋ, ಬುಟ್ಟಿ ಹಿಡಿಯುವವರಿಗೆ ಅವರು ಕೆಲಸ ಹೇಳಿಕೊಡಲಿ. ಬುಟ್ಟಿ ಹಿಡಿಯುವವರು, ಆ ಚಿಂದಿ ಯಾಕೆ ಕಟ್ಟಿದಿರಿ ಎಂದು ಇವತ್ತೇ ಕೇಳಲಿ. ಅಜ್ಜಿ ಅದನ್ನು ಕೇಳಬೇಕಾದ ಮನುಷ್ಯ ಹೋದ ಮೇಲೆ ಪಕ್ಕದ ಮನೆಯವರಿಂದ ಕೇಳಿ ತಿಳಿದರು. ಈಗಲೂ ಚಿಂದಿ ಕಟ್ಟುವಾಗ ಒಮ್ಮೊಮ್ಮೆ ಕೈ ನಿಲ್ಲಿಸಿ, “ಹಕ್ಕಿ ಹೆದರಿಸೋಕಲ್ಲ ಅಂತ ಒಂದು ಮಾತು ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು?” ಎಂದು ಗಂಡನ ಮೇಲೆ ಸಿಡುಕುತ್ತಾರೆ. ಸಿಡುಕಿ, ಮುಂದಿನ ಕೋಲಿಗೆ ಕೈ ಚಾಚುತ್ತಾರೆ.